ಅವ್ವನ ಕೈಗೆ ಹತ್ತದ ಬಣ್ಣ

ಕಲ್ಲೋಳಿಯ ಮನೆಗೆ ಹೋದಾಗ ಅವ್ವ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ನಾವು ಚಪ್ಪಲಿ ಬಿಡುವ ಮೊದಲೇ ಎದುರಿಗೆ ಬಂದು, ಎರಡೂ ಅಂಗೈಯಲ್ಲಿ ಕೆನ್ನೆ ಹಿಡಿದು, ಮೇಲಿನಿಂದ ಗದ್ದದವರೆಗೆ ಒಮ್ಮೆ ಸವರಿ, ಆ ಬೆರಳುಗಳನ್ನು ತನ್ನ ಹಣೆಯ ಎರಡೂ ಬದಿಯ ಕಣತಲೆಗೆ ಒತ್ತಿ, ದೃಷ್ಟಿ ತೆಗೆಯಲು ಲಟಿಕೆ ಮುರಿಯುತ್ತಿದ್ದಳು. ಅಕ್ಕನಿಗೂ ನನಗೂ ಮದುವೆಯಾಗಿ ವರ್ಷಗಳಾದರೂ ಇದು ತಪ್ಪಿರಲಿಲ್ಲ. ನಾನು ಬರೆಯುತ್ತಿರುವುದರಲ್ಲಿ ಈ ಎರಡು ಅಂಗೈಗಳೇ ಮುಖ್ಯ. ಆದ್ದರಿಂದ ಮೊದಲು ಹೇಳಿದ್ದೇನೆ.

ಅಕ್ಕ ಹುಕ್ಕೇರಿಯಲ್ಲಿ ಶಾಲೆಯ ಶಿಕ್ಷಕಿ. ನಾನು ಗೋಕಾಕದಲ್ಲಿ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವವಳು. ಅಕ್ಕ ಎದೆಯ ಗಂಟು ತೆಗೆಸಿಕೊಂಡು, ಔಷಧಿ ಮುಗಿಸಿ, ಮತ್ತೆ ಶಾಲೆಗೆ ಹೋಗತೊಡಗಿದ್ದಳು. ಎರಡು ವರ್ಷದ ನಂತರ ಅದು ಎಲುಬಿಗೆ ಇಳಿದಿದೆ ಎಂದು ಬೆಳಗಾವಿಯಲ್ಲಿ ಡಾಕ್ಟರು ಹೇಳಿದರು. ಆ ಕೋಣೆಯಲ್ಲಿ ಅಕ್ಕ, ಅವಳ ಗಂಡ ಮತ್ತು ನಾನು ಇದ್ದೆವು. ವಾಸಿಯಾಗುತ್ತದೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕೂತು ಅಕ್ಕ ಹೇಳಿದಳು: "ಅವ್ವಗ ಹೇಳಬ್ಯಾಡ."

"ಎಷ್ಟ ದಿನ ಮುಚ್ಚಿಡ್ತೀ?"

"ಹೋದ ಸಲ ಅಕಿ ಊಟಾ ಬಿಟ್ಟ ಕುಂತಳು. ಆಪರೇಶನ್ ಆಗಿ ನನ್ನ ಟಾಕಾ ಇನ್ನೂ ಹಸಿ ಇದ್ದೂ, ನಾ ಅಕೀಗ ತುತ್ತ ಮಾಡಿ ಉಣಿಸೇನಿ. ಈಗ ಅಷ್ಟ ತ್ರಾಣ ಇಲ್ಲ ನನಗ."

ಅದು ನಿಜವಾಗಿತ್ತು. ನಾನು ಒಪ್ಪಿದೆ. ಅವ್ವನಿಗೆ ತಿಳಿಯಬಾರದು ಎಂಬುದಷ್ಟೇ ಅಕ್ಕ ಕೇಳಿದ್ದು.

ಆದರೆ ಹೊಸ ಔಷಧಿ ಶುರುವಾದ ಎರಡು ತಿಂಗಳಲ್ಲಿ ಅಕ್ಕನ ಮುಖವೇ ಎಲ್ಲವನ್ನೂ ಹೇಳತೊಡಗಿತು. ಹುಬ್ಬು ಉದುರಿತು. ಕಣ್ಣಿನ ಕೆಳಗೆ ಕಪ್ಪು ಇಳಿಯಿತು. ಚರ್ಮಕ್ಕೆ ಒಲೆಯ ಬೂದಿಯ ಬಣ್ಣ ಬಂತು. ಅವ್ವ ತನ್ನ ಜೊತೆ ಕಲ್ಲೋಳಿಯಲ್ಲಿರುವ ನಮ್ಮ ತಮ್ಮನ ಫೋನಿನಿಂದ ವಾರಕ್ಕೆರಡು ಸಲ ಕರೆ ಮಾಡಿ, "ಯಾವಾಗ ಬರ್ತೀರಿ ಇಬ್ಬರೂ?" ಎನ್ನುತ್ತಿದ್ದಳು. ಹೋಗದಿದ್ದರೆ ಅವಳೇ ಹುಕ್ಕೇರಿಗೆ ಬರುತ್ತಾಳೆ. ಹೋಗುವುದೇ ಸರಿ ಎಂದು ಅಕ್ಕ ತೀರ್ಮಾನಿಸಿದಳು.

ಮುಖಕ್ಕೆ ಪಾವಡರ್ ಬಿಟ್ಟು ಬೇರೆ ಏನನ್ನೂ ಹಚ್ಚಿದವರಲ್ಲ ನಾವು. ಫೋನಿನಲ್ಲಿ ಹುಡುಕಿದೆ. ಹೊಸಬರಿಗೆ, ದಿನನಿತ್ಯಕ್ಕೆ, ಹತ್ತು ನಿಮಿಷದಲ್ಲಿ ಎಂದು ಒಬ್ಬ ಹುಡುಗಿ ನಗುನಗುತ್ತಾ ಕಲಿಸುತ್ತಿದ್ದಳು. ಹಚ್ಚಿದ್ದು ಗೊತ್ತಾಗಬಾರದು, ಚೆನ್ನಾಗಿ ನಿದ್ದೆ ಮಾಡಿ ಎದ್ದ ಹಾಗೆ ಕಾಣಬೇಕು ಎಂದಳು. ನಮಗೆ ಬೇಕಾದದ್ದು ಅದೇ. ಸಭೆಯ ವರದಿಗೆ ಟಿಪ್ಪಣಿ ಮಾಡಿಕೊಳ್ಳುವ ಪುಸ್ತಕದಲ್ಲೇ ಬರೆದುಕೊಂಡೆ.

ಗೋಕಾಕದ ಫ್ಯಾನ್ಸಿ ಅಂಗಡಿಯ ಹೆಂಗಸು ನಾನು ಕೇಳಿದ್ದನ್ನು ನಂಬಲಿಲ್ಲ. ಅಕ್ಕನ ಹಳೆಯ ಫೋಟೋ ತೋರಿಸಿ, ಈ ಬಣ್ಣಕ್ಕೆ ಸರಿಯಾದ ಕ್ರೀಮ್ ಬೇಕು ಎಂದೆ.

"ಇದ್ದ ಬಣ್ಣಕ್ಕ ಇದ್ದ ಬಣ್ಣದ್ದ ಹಚ್ಚಿದ್ರ ಏನ್ ಬಂತ್ರಿ ಮೇಡಮ್? ಎಲ್ಲಾರೂ ಒಂದ ಪಾವಟಿಗಿ ಮ್ಯಾಲಿಂದ, ಬೆಳ್ಳಂದ ಒಯ್ತಾರ."

"ನನಗ ಮ್ಯಾಲಿಂದ ಬ್ಯಾಡ್ರಿ. ಮೊದಲ ಹೆಂಗಿದ್ಳೋ ಹಂಗ ಬೇಕು."

ಅವಳು ಹಿಂದಿನ ಡಬ್ಬಿಯಿಂದ ಯಾರೂ ಒಯ್ಯದ ಒಂದು ಟ್ಯೂಬು ತೆಗೆದುಕೊಟ್ಟಳು. ಅಂಗಡಿಯ ದೀಪದಲ್ಲಿ ನೋಡದೆ ರಸ್ತೆಯ ಬಿಸಿಲಿಗೆ ಬಂದು, ನನ್ನ ದವಡೆಯ ಹತ್ತಿರ ಹಚ್ಚಿ ಕೈಗನ್ನಡಿಯಲ್ಲಿ ನೋಡಿದೆ. ಅಕ್ಕನಿಗೂ ನನಗೂ ಬಣ್ಣ ಒಂದೇ. ಹಚ್ಚಿದ ಜಾಗ ಗೊತ್ತಾಗಲಿಲ್ಲ.

ಆ ಭಾನುವಾರ ಅಕ್ಕ ಬೆಳಗಿನ ಬಸ್ಸಿಗೆ ಗೋಕಾಕಕ್ಕೆ ಬಂದು ನನ್ನ ಮನೆಯ ಕಿಟಕಿಯ ಬಳಿ ಕೂತಳು. ಮೊದಲ ಪ್ರಯತ್ನ ಕೆಟ್ಟಿತು. ಅಕ್ಕ ಜಳಕ ಮಾಡಿ ರೂಢಿಯಂತೆ ಹಣೆಗೆ ಈಬತ್ತಿಯ ಮೂರು ಗೆರೆ ಎಳೆದುಕೊಂಡೇ ಬಂದಿದ್ದಳು. ಅದರ ಮೇಲೆ ಕ್ರೀಮ್ ಎಳೆದಾಗ ಎರಡೂ ಕಲೆತು ಹಣೆ ತುಂಬ ಬೂದು ಬಣ್ಣದ ಹಿಟ್ಟಾಯಿತು.

ಕನ್ನಡಿ ನೋಡಿ ಅಕ್ಕ, "ಗ್ವಾಡಿಗೆ ಸಿಮೆಂಟ್ ಮೆತ್ತಿದಂಗ ಆತಲ್ಲೇ," ಎಂದು ನಕ್ಕಳು. "ಗೌಂಡಿ ಕೆಲಸ ಯಾವಾಗ ಹಿಡದಿ?"

ಮುಖ ತೊಳೆಸಿ ಮೊದಲಿನಿಂದ ಶುರುಮಾಡಿದೆ. ಒಣ ಚರ್ಮಕ್ಕೆ ತಂಪಿನ ಕ್ರೀಮ್, ಅದು ಹೀರುವವರೆಗೆ ಕಾಯುವುದು. ಕಣ್ಣಿನ ಕೆಳಗೆ ಮೂರು ಚುಕ್ಕೆ ಇಟ್ಟು ಉಂಗುರದ ಬೆರಳಿನಿಂದ ತಟ್ಟುವುದು, ಉಜ್ಜಬಾರದು. ಒದ್ದೆ ಸ್ಪಂಜಿನಿಂದ ಬಣ್ಣವನ್ನು ಒತ್ತುತ್ತಾ ಕುತ್ತಿಗೆಯವರೆಗೆ ಇಳಿಸುವುದು. ಹುಬ್ಬಿಗೆ ಒಂದೇ ಗೆರೆ ಎಳೆಯದೆ, ಕೂದಲಿನ ಹಾಗೆ ಸಣ್ಣ ಸಣ್ಣ ಗೆರೆ. ತುಟಿಗೆ ಹಚ್ಚಿದ್ದರಲ್ಲೇ ಒಂದು ಹನಿ ಕೆನ್ನೆಗೆ. ಕೊನೆಗೆ ಈಬತ್ತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಿನಿಂದ ಎಳೆದೆ. ಅದು ಒಣಗಿ ಬೆಳ್ಳಗೆ ನಿಂತಿತು.

ಉಳಿದದ್ದು ಅವ್ವನ ಕೈ. ಆ ಹುಡುಗಿಯ ವಿಡಿಯೋದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಪಾವಡರನ್ನು ಒತ್ತಿ, ಕಾಗದದ ಕರವಸ್ತ್ರದಿಂದ ಹೆಚ್ಚಿನದನ್ನು ತೆಗೆದು, ಮತ್ತೆ ಪಾವಡರ್ ಒತ್ತಿ, ಕಾಲು ಗಂಟೆ ಬಿಟ್ಟು, ನಾನೇ ಅವ್ವನಾಗಿ ಎರಡೂ ಕೈಯಲ್ಲಿ ಅಕ್ಕನ ಕೆನ್ನೆ ಹಿಡಿದು ಸವರಿದೆ. ಅಂಗೈಗೆ ಬಣ್ಣ ಹತ್ತಿತು. ಇನ್ನೊಮ್ಮೆ ಮಾಡಿದೆ. ಮೂರನೆಯ ಸಲ ಅಂಗೈ ಸ್ವಚ್ಛವಾಗಿತ್ತು.

"ಲಟಿಕಿ ಮುರಿಲಿಲ್ಲಲ್ಲ," ಎಂದಳು ಅಕ್ಕ. ಮುರಿದೆ. ಒಂದೇ ಒಂದು ಸದ್ದು ಬಂತು.

ಕಲ್ಲೋಳಿಯಲ್ಲಿ ಅವ್ವ ಬಾಗಿಲಲ್ಲೇ ಇದ್ದಳು. ಅಕ್ಕ ತಲೆಯ ಮೇಲೆ ಸೆರಗು ಹೊದ್ದು, ಸೊರಗಿದ್ದು ಕಾಣದಿರಲೆಂದು ಸೀರೆಯೊಳಗೆ ಎರಡು ಲಂಗ ಉಟ್ಟಿದ್ದಳು. ಅವ್ವ ಕೆನ್ನೆ ಹಿಡಿದಳು, ಸವರಿದಳು. ನಾನು ಅಕ್ಕನ ಮುಖ ನೋಡಲಿಲ್ಲ, ಅವ್ವನ ಅಂಗೈ ನೋಡಿದೆ. ಏನೂ ಹತ್ತಿರಲಿಲ್ಲ.

"ಬಣ್ಣಾ ಬಂದೈತಿ ನನ್ನವ್ವಗ," ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮಾರೀನ ಒಣಗೈತಿ ನೋಡು. ಪೇಪರ್ದವರು ಊಟಕ್ಕ ಬಿಡೂದಿಲ್ಲೇನ ನಿನ್ನ?"

ಅಕ್ಕ ನಕ್ಕಳು. ನಾನೂ ನಕ್ಕೆ. ಆ ದಿನ ನನಗೆ ನನ್ನ ಕೈಕೆಲಸದ ಬಗ್ಗೆ ಹೆಮ್ಮೆ ಇತ್ತು. ಅದನ್ನು ಇಲ್ಲಿ ಬಿಟ್ಟುಬಿಡುವಂತಿಲ್ಲ.

ಎರಡನೆಯ ಸಲಕ್ಕೆ ಕೈ ಪಳಗಿತ್ತು. ಮೂರನೆಯ ಸಲ ಅಕ್ಕನಿಗೆ ಬಸ್ಸಿನಲ್ಲಿ ಬರಲಾಗಲಿಲ್ಲ. ಅವಳ ಗಂಡ ಕಾರಿನಲ್ಲಿ ಕರೆತಂದರು. ಕೆನ್ನೆ ಒಳಗೆ ಹೋಗಿತ್ತು. ಅದನ್ನು ತುಂಬುವುದು ಯಾವ ಬಣ್ಣಕ್ಕೂ ಸಾಧ್ಯವಿರಲಿಲ್ಲ. ತಿಳಿಯಾದ ಬಣ್ಣವನ್ನು ಎಲ್ಲಿ ಹಚ್ಚಿದರೆ ತಗ್ಗು ಕಡಿಮೆ ಕಾಣುತ್ತದೆ ಎಂದು ಅಷ್ಟರಲ್ಲಿ ಕಲಿತಿದ್ದೆ.

ಅವ್ವ ಅಂದು ಬಟ್ಟೆಯ ಚೀಲ ತುಂಬಿ ಇಟ್ಟುಕೊಂಡಿದ್ದಳು. "ನಿನ್ನ ಸಂಗಾಟ ಹುಕ್ಕೇರಿಗೆ ಬರಬೇಕಂತ ಮಾಡೀನಿ. ಎಂಟ ದಿನ ಇದ್ದ ಬರ್ತೇನಿ. ಯಾಕೋ ಜೀವ ತಡಿವಲ್ದು."

ಅಕ್ಕ ನನ್ನನ್ನು ನೋಡಿದಳು. ಆಮೇಲೆ, "ಸಾಲಿ ಐತಿ, ದಿನಾ ಮನಿಯಾಗ ಒಬ್ಬಾಕಿನ ಏನ್ ಮಾಡ್ತೀಬೇ? ಸೂಟಿ ಬಿಡ್ಲಿ, ಬಾ," ಎಂದಳು. ಅವಳು ಶಾಲೆಗೆ ಹೋಗದೆ ಆರು ವಾರವಾಗಿತ್ತು.

ಅವ್ವ ಅವಳ ಮುಖವನ್ನು ಇನ್ನೊಮ್ಮೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. "ಮಾರಿ ಚಲೋನ ಐತಿ. ಆತು, ಸೂಟಿಗೇ ಬರ್ತೇನಿ," ಎಂದು ಚೀಲ ಒಳಗೆ ಇಟ್ಟಳು.

ಸೂಟಿಗೆ ಹತ್ತೊಂಬತ್ತು ದಿನ ಇರುವಾಗ ಅಕ್ಕ ಬೆಳಗಿನ ಹೊತ್ತು ತೀರಿಕೊಂಡಳು. ತಮ್ಮ ಅವ್ವನನ್ನು ಹುಕ್ಕೇರಿಗೆ ಕರೆತಂದ. ದಾರಿಯಲ್ಲಿ ಅವನು ಅವಳಿಗೆ, ಅಕ್ಕನಿಗೆ ಎಚ್ಚರ ತಪ್ಪಿದೆ ಎಂದಷ್ಟೇ ಹೇಳಿದ್ದ. ಪಡಸಾಲೆಯಲ್ಲಿ ಅಕ್ಕನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಮುಖ ತೊಳೆದು ಹಣೆಗೆ ಈಬತ್ತಿ ಹಚ್ಚಿದ್ದರು. ಬೇರೆ ಏನೂ ಹಚ್ಚಿರಲಿಲ್ಲ. ನಾನು ಮುಟ್ಟಿರಲಿಲ್ಲ.

ಅವ್ವ ಎದುರಿಗೆ ಕೂತು ಎರಡೂ ಕೈ ಎತ್ತಿದಳು. ಕೆನ್ನೆಯ ಹತ್ತಿರ ಅವು ನಿಂತವು. ಅಳುತ್ತಿದ್ದ ಹೆಂಗಸರ ನಡುವೆ ಅವಳೊಬ್ಬಳು ಅಳಲಿಲ್ಲ. ನನ್ನನ್ನು ಕೇಳಿದಳು:

"ಹೋದ ತಿಂಗಳ ಹಿಂಗ ಇರಲಿಲ್ಲ. ಒಂದ ತಿಂಗಳದಾಗ ಹಿಂಗ ಆಗ್ತತೇನ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಭಾಳ ದಿನದಿಂದ ಹಿಂಗ ಇದ್ಳು ಅವ್ವಾ. ಅಕಿ ಹೇಳಬ್ಯಾಡ ಅಂದಿದ್ಳು. ನಾನು ಬಣ್ಣಾ ಹಚ್ಚಿ ಕರಕೊಂಡ ಬರ್ತಿದ್ದೆ."

"ಎಷ್ಟ ಸಲ?"

"ಮೂರ ಸಲ."

ಅವ್ವ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಹಂಗಾರ ಮೂರ ಸಲ ನಾ ಯಾರ ಮಾರಿ ಹಿಡದೆ?"

ಅಕ್ಕ ಕೇಳಿದ್ದನ್ನು ನಾನು ಮಾಡಿದೆ. ಚೆನ್ನಾಗಿ ಮಾಡಿದೆ. ಕಡಿಮೆ ಚೆನ್ನಾಗಿ ಮಾಡಿದ್ದರೆ ಅವ್ವ ಆ ಚೀಲ ಹಿಡಿದು ಕಾರು ಹತ್ತುತ್ತಿದ್ದಳು, ಎಂಟು ದಿನ ಮಗಳ ಬಳಿ ಇರುತ್ತಿದ್ದಳು. ಅಕ್ಕನಿಗೆ ಅವಳನ್ನು ಸಮಾಧಾನ ಮಾಡುವ ತ್ರಾಣ ಇರುತ್ತಿರಲಿಲ್ಲ ಎಂಬುದೂ ನಿಜ. ಎರಡನ್ನೂ ಎದುರುಬದುರು ಇಟ್ಟು ಬಹಳ ಸಲ ನೋಡಿದ್ದೇನೆ. ಯಾವುದೂ ಇನ್ನೊಂದನ್ನು ಕಡಿಮೆ ಮಾಡುವುದಿಲ್ಲ.

ಕಲ್ಲೋಳಿಗೆ ಈಗಲೂ ಹೋಗುತ್ತೇನೆ. ಅವ್ವ ಬಾಗಿಲಿಗೆ ಬರುತ್ತಾಳೆ, ನೀರು ಕೊಡುತ್ತಾಳೆ, ಉಂಡೆಯಾ ಎಂದು ಕೇಳುತ್ತಾಳೆ. ಮುಖಕ್ಕೆ ಪಾವಡರನ್ನೂ ಹಚ್ಚದೆ ಹೋಗುತ್ತೇನೆ. ಅವಳು ಎರಡು ಕೈ ಎತ್ತುವುದಿಲ್ಲ. ಹತ್ತಿರ ಬಂದು ಒಂದು ಹೆಬ್ಬೆರಳಿನಿಂದ ನನ್ನ ಕೆನ್ನೆಯನ್ನು ಗಟ್ಟಿಯಾಗಿ ತಿಕ್ಕುತ್ತಾಳೆ. ಆಮೇಲೆ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ.