ಹುಳುಮನೆಯ ಹೊಸಿಲಲ್ಲಿ

ಕೂಟಗಲ್‌ನಿಂದ ಹೊರಟ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಚಿಕ್ಕಮ್ಮನ ಮನೆಯ ಬಾಗಿಲು ಹಸಿರೋ ನೀಲಿಯೋ ಈಗಲೇ ಮರೆತುಹೋಗಿದೆ; ಮಾತುಗಳೂ ಒಂದೆರಡು ಆಚೀಚೆ ಆಗಿರಬಹುದು. ನಿರ್ಧಾರ ಮಾತ್ರ ಗಟ್ಟಿ: ಬೆಂಗಳೂರು ಬಿಟ್ಟು ನಾನೂ ಗಂಡನೂ ಮಗಳನ್ನು ಈ ನಿಧಾನದ ಊರಿನಲ್ಲೇ ಬೆಳೆಸುತ್ತೇವೆ.

ಹೋದ ಕೂಡಲೇ ಮಗಳು ರೇಷ್ಮೆಹುಳು ನೋಡಲು ಓಡಿದಳು. ಚಿಕ್ಕಮ್ಮ ಹುಳುಮನೆಯ ಹೊಸಿಲಲ್ಲೇ ತಡೆದು ಅವಳ ತೋಳು ಮೂಸಿದಳು.

“ಸೊಳ್ಳೆಗೆ ಅಂತ ಏನೋ ಬಳ್ದಿದ್ದೀಯಲ್ಲೇ ಮಗೀಗೆ! ಈ ವಾಸ್ನೆಗೆ ನನ್ ಹುಳ ಎಲ್ಲಾ ಸತ್ತೋಯ್ತವೆ ಕಣೇ.”

ಸೋಪು ಹಾಕಿ ಎರಡು ಸಲ ತೊಳೆದರೂ ಒಳಗೆ ಬಿಡಲಿಲ್ಲ. ಜಗಲಿಯಲ್ಲಿ ಕುಳಿತು, “ನೀನೂ ಸ್ವಲ್ಪ ಕೂತ್ಕೋ ಬಾ,” ಎಂದೆ.

“ಕೂರಾದಾ? ನಾಕ್ನೇ ಜ್ವರ ಎದ್ದವೆ, ಹಗ್ಲೂ ರಾತ್ರಿ ತಿಂತವೆ. ನಾನು ಉಣ್ಣೋದೇ ನಿಂತ್ಕಂಡು!”

ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಸೊಳ್ಳೆಗೆ ಪರದೆ ಕಟ್ಟಿದರಾಯಿತು. ಆದರೆ ಇಲ್ಲಿಗೆ ಬರುವ ಯೋಚನೆಯೆಲ್ಲ ನಿಂತಿದ್ದು ಚಿಕ್ಕಮ್ಮನ ಬಿಡುವನ್ನು ನಂಬಿ. ಸೊಪ್ಪಿನ ಹೊರೆ ಹೊತ್ತು ಒಳಗೆ ಹೋಗುತ್ತಿದ್ದವಳನ್ನು ಕೇಳಿಯೇಬಿಟ್ಟೆ. ಅವಳು ಒಳಗೆ ಹೋಗಿ ಹುಳುಗಳಿಗೆ ಸೊಪ್ಪು ಹರಡತೊಡಗಿದಳು, ಬಸ್ಸು ಹತ್ತಿಸುವಾಗಲೂ ಆ ಮಾತು ಎತ್ತಲಿಲ್ಲ.

“ಚಿಕ್ಕಮ್ಮ, ನಾವಿಬ್ರೂ ಕೆಲಸಕ್ಕೆ ಹೋದಾಗ ಇವಳನ್ನ ನೀನು ನೋಡ್ಕೋತೀಯ ಅಲ್ವಾ?”