ಸವಿತಳಿಗೆ ಹೇಳದೆ ಇಟ್ಟುಕೊಂಡ ವರದಿ

ನಾನು ಒಬ್ಬ ಹುಡುಗಿಗೆ ಸುಳ್ಳು ಹೇಳಿದೆ. ಅವಳ ರಕ್ತದ ವರದಿ ನನ್ನ ಕೈಯಲ್ಲಿತ್ತು. ಹಿಮೋಗ್ಲೋಬಿನ್ ತೀರಾ ಕಡಿಮೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಅವಳಿಗೆ ಎಲ್ಲ ಸರಿಯಾಗಿದೆ ಎಂದೆ. ತಿಳಿಯದೆ ಹೇಳಿದ್ದಲ್ಲ, ಮರೆತು ಹೇಳಿದ್ದಲ್ಲ — ಗೊತ್ತಿದ್ದೇ ಹೇಳಿದೆ. ಆಮೇಲೆ ನನ್ನ ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಎದುರಿಗಿದ್ದ ಅಂಕಿಯನ್ನೂ ತಿದ್ದಿದೆ. ಆ ಅಂಕಿಯೂ ಸೇರಿದ ಪ್ರಬಂಧಕ್ಕೆ ನನಗೆ ಡಾಕ್ಟರೇಟ್ ಬಂತು. ಹದಿನೆಂಟು ವರ್ಷ ಈ ಮಾತನ್ನು ನಾನು ಯಾರ ಮುಂದೆಯೂ ಎತ್ತಲಿಲ್ಲ.

ನಾನು ದೈಹಿಕ ಶಿಕ್ಷಣದ ಶಿಕ್ಷಕಿ. ಆಗ ಮಾಗಡಿ ತಾಲ್ಲೂಕಿನಲ್ಲಿ, ತಿಪ್ಪಸಂದ್ರದ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಆಟದ ಟೀಚರನ್ನು ಉಳಿದವರು ಹೇಗೆ ನೋಡುತ್ತಾರೆಂದು ಈ ಕೆಲಸದಲ್ಲಿರುವವರಿಗೆ ಗೊತ್ತು. ಪರೀಕ್ಷೆ ಹತ್ತಿರ ಬಂದರೆ ನಮ್ಮ ಪೀರಿಯಡ್ಡು ಗಣಿತದವರಿಗೆ ಹೋಗುತ್ತದೆ. ಆಗಸ್ಟ್ ಬಂದರೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲು ಮಾತ್ರ ನಾವು ಬೇಕು. ಆ ಅವಮಾನವೇ ನನ್ನನ್ನು ಸಂಶೋಧನೆಗೆ ತಳ್ಳಿತು ಎಂದರೆ — ಬೇಡ, ಅದೂ ಒಂದು ನೆಪವಾಗುತ್ತದೆ. ನನಗೆ ಡಾಕ್ಟರೇಟ್ ಬೇಕಿತ್ತು, ಸೇರಿದೆ.

ಹಳ್ಳಿಯ ಹುಡುಗಿಯರು ಹನ್ನೆರಡು ವಾರ ಕ್ರಮವಾಗಿ ಓಡಿದರೆ ಅವರ ದಮ್ಮು ಎಷ್ಟು ಹೆಚ್ಚುತ್ತದೆ ಎಂಬುದು ನನ್ನ ವಿಷಯ. ಓಟ ಶುರುವಾಗುವ ಮೊದಲು ಎಲ್ಲರ ಎತ್ತರ, ತೂಕ, ರಕ್ತ ಪರೀಕ್ಷಿಸಬೇಕು. ರಕ್ತ ತೀರಾ ಕಡಿಮೆ ಇದ್ದವರನ್ನು ಕೈಬಿಟ್ಟು ಆಸ್ಪತ್ರೆಗೆ ಕಳಿಸಬೇಕು. ಈ ನಿಯಮ ಬರೆದವಳು ನಾನೇ.

ಸವಿತ ಒಂಬತ್ತನೇ ತರಗತಿಯಲ್ಲಿದ್ದಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಬೆಳಗ್ಗೆ ಎದ್ದು ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಎರಡು ಮೈಲಿ ನಡೆದು ಶಾಲೆಗೆ ಬರುತ್ತಿದ್ದಳು. ಬಂದವಳು ಬರಿಗಾಲಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಅವಳ ವರದಿ ನೋಡಿದಾಗ ನನಗೇ ನಂಬಿಕೆ ಬರಲಿಲ್ಲ.

ಕೈಬಿಡಬೇಕಾದ ಹುಡುಗಿಯರು ಇನ್ನೂ ಕೆಲವರಿದ್ದರು. ಅವರ ಮನೆಯವರನ್ನು ಕರೆಸಿ ಹೇಳಿದೆ, ಕೈಬಿಟ್ಟೆ. ಸವಿತಳನ್ನೂ ಬಿಟ್ಟರೆ ನನಗೆ ಬೇಕಾದ ಸಂಖ್ಯೆಗೆ ಒಬ್ಬಳು ಕಡಿಮೆಯಾಗುತ್ತಿದ್ದಳು. ಬೇರೆ ಶಾಲೆ ಹುಡುಕಬೇಕು, ಮತ್ತೆ ಒಪ್ಪಿಗೆ, ಮತ್ತೆ ಒಂದು ವರ್ಷ... ಇಷ್ಟು ಚೆನ್ನಾಗಿ ಓಡುವವಳಿಗೆ ಏನಾಗುತ್ತದೆ ಎಂದುಕೊಂಡೆ. ಅವಳೇ ಬಂದು ಕೇಳಿದಳು.

"ಮಿಸ್, ನಂದು ಏನ್ ಬಂತು? ದಿಣ್ಣೆ ಹತ್ತುವಾಗ ಒಸಿ ಕಣ್ಣು ಕತ್ಲೆ ಬತ್ತದೆ."

"ನಿಂದು ನಾರ್ಮಲ್ಲು. ಹೋಗು, ಓಡು."

ಓಡಿದಳು. ಹನ್ನೆರಡು ವಾರ ಒಂದು ದಿನವೂ ತಪ್ಪಿಸಲಿಲ್ಲ.

ಅದಾದ ಮೇಲೆ ಕುದೂರಿನಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟ. ಸಾವಿರದೈನೂರು ಮೀಟರ್ ಓಟಕ್ಕೆ ಅವಳನ್ನು ನಿಲ್ಲಿಸಿದೆ. ಮೂರನೇ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು, ತಿರುವಿನಲ್ಲಿ, ಯಾರೋ ಹಿಂದಿನಿಂದ ಎಳೆದ ಹಾಗೆ ಕುಸಿದುಬಿಟ್ಟಳು. ನೀರು ಚಿಮುಕಿಸಿ ನೆರಳಿಗೆ ತಂದೆವು. ತುಟಿ ಬೆಳ್ಳಗಾಗಿತ್ತು. ಕಣ್ಣು ಬಿಟ್ಟ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ಎಲ್ಲಾ ಸರಿಯಾಗೈತೆ ಅಂದ್ರಲ್ಲ ಮಿಸ್, ಮತ್ಯಾಕ್ ಬಿದ್ದೆ?"

ಆಗಲಾದರೂ ನಿಜ ಹೇಳಬಹುದಿತ್ತು. ನಾನು ಹೇಳಿದ್ದು ಇದು: "ನೀನು ಮನಸ್ಸು ಗಟ್ಟಿ ಮಾಡ್ಕೊಳ್ಳಲಿಲ್ಲ."

ಮರುದಿನ ಅವಳ ಅಜ್ಜಿ ಶಾಲೆಗೆ ಬಂದರು. "ನಮ್ ಹೆಣ್ಮಕ್ಕಳ ಮೈಗೆ ಇದೆಲ್ಲ ಆಗಕ್ಕಿಲ್ಲ ಕಣ್ ತಾಯಿ, ಬುಟ್ಬುಡಿ ಅವಳನ್ನ" ಎಂದರು. ಆಗಲಿ ಎಂದು ನಾನು ತಲೆಯಾಡಿಸಿದೆ. ಸವಿತ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಆಟದ ಪೀರಿಯಡ್ಡಿನಲ್ಲಿ ಉಳಿದವರ ಚಪ್ಪಲಿ ಕಾಯುತ್ತಾ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ನಾನು ಆ ಕಡೆ ನೋಡುತ್ತಿರಲಿಲ್ಲ. ಹತ್ತನೇ ತರಗತಿ ಮುಗಿಸಿ ಹೋದಳು. ನನ್ನ ಪ್ರಬಂಧ ಇಂಗ್ಲಿಷಿನಲ್ಲಿ, ಕಪ್ಪು ರಟ್ಟು ಹಾಕಿಸಿಕೊಂಡು ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿತು. ನನಗೆ ತಿಳಿದ ಮಟ್ಟಿಗೆ ಅದನ್ನು ಯಾರೂ ಓದಲಿಲ್ಲ. ಅದು ಯಾರ ಮೈಯಿಂದ ಬಂತೋ ಅವರಂತೂ ಓದುವ ಹಾಗೇ ಇರಲಿಲ್ಲ.

ವರ್ಗವಾಗುತ್ತಾ ಈಗ ಚನ್ನಪಟ್ಟಣದ ಹತ್ತಿರದ ಶಾಲೆಯಲ್ಲಿದ್ದೇನೆ. ಹೋದ ವರ್ಷ ಎಂಟನೇ ತರಗತಿಗೆ ಹರ್ಷಿತ ಎಂಬ ಹುಡುಗಿ ಸೇರಿದಳು. ಮೊದಲ ವಾರವೇ ಒಂದು ಚೀಟಿ ತಂದು ಕೊಟ್ಟಳು. "ನನ್ನ ಮಗಳನ್ನು ಓಡಿಸಬೇಡಿ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಆ ಶಕ್ತಿ ಇಲ್ಲ." ಕೆಳಗೆ ಸವಿತ ಎಂದು ಸಹಿ. ಆ ಹೆಸರಿನವರು ಎಷ್ಟೋ ಮಂದಿ. ಆದರೂ ಕೇಳಿದೆ — "ನಿಮ್ಮಮ್ಮನ ಊರು ಯಾವುದಮ್ಮ?"

"ತಿಪ್ಪಸಂದ್ರದ ತಾವ, ಮಿಸ್."

ನನ್ನ ಸುಳ್ಳು ಮಗಳವರೆಗೂ ನಡೆದು ಬಂದಿತ್ತು. ತಾಯಿಯನ್ನು ಕರೆದುಕೊಂಡು ಬರಲು ಹೇಳಿ ಕಳಿಸಿದೆ. ಮೂರು ದಿನ ಅವಳು ಬರಲಿಲ್ಲ. ಆ ಮೂರು ದಿನವೂ, ಬರದಿದ್ದರೆ ಒಳ್ಳೆಯದು ಎಂದು ಒಳಗೊಳಗೇ ಬಯಸಿದೆ. ಅದನ್ನೂ ಇಲ್ಲಿ ಹೇಳಬೇಕು.

ಸವಿತ ಬಂದಳು. ಬೊಂಬೆ ಮಾಡುವ ಒಂದು ಕಡೆ ಮರದ ಆಟಿಕೆಗಳಿಗೆ ಬಣ್ಣ ಹಚ್ಚುವ ಕೆಲಸದಲ್ಲಿದ್ದಾಳಂತೆ; ಉಗುರಿನ ಸಂದಿಯಲ್ಲಿ ಹಳದಿ, ಕೆಂಪು ಉಳಿದಿತ್ತು. ನನ್ನನ್ನು ಕಂಡು ಖುಷಿಪಟ್ಟಳು. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಜಗಲಿಯ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ — ವರದಿ, ತಿದ್ದಿದ ಅಂಕಿ, ಕುದೂರಿನಲ್ಲಿ ಆಡಿದ ಮಾತು.

ಅವಳು ಅಳಲಿಲ್ಲ, ಬೈಯಲಿಲ್ಲ. ಉಗುರಿನ ಬಣ್ಣ ಕೆರೆಯುತ್ತಾ ಹೇಳಿದಳು:

"ರಕ್ತ ಕಮ್ಮಿ ಅನ್ನೋದು ಬುಡಿ ಮಿಸ್, ಅದು ಎಷ್ಟೋ ಜನಕ್ಕೆ ಇರ್ತದೆ. ನೀವು ನನ್ ಮನಸೇ ಗಟ್ಟಿ ಇಲ್ಲ ಅಂದ್ಬುಟ್ರಿ. ಅವತ್ತಿಂದ ಯಾವ ಕೆಲಸ ಹಿಡುದ್ರೂ, ನಾನು ಅರ್ಧಕ್ಕೆ ಬೀಳೋಳು ಅನ್ಕಂಡೇ ಹಿಡೀತಿದ್ದೆ."

ಎದ್ದು ಹೋದಳು. ನಾನು ಕ್ಷಮೆ ಕೇಳಲಿಲ್ಲ. ಕೇಳುವ ಹಕ್ಕು ಇತ್ತೋ ಇಲ್ಲವೋ —

ಮುಂದಿನ ವಾರ ಅವಳೇ ತಿರುಗಿ ಬಂದಳು. "ಆ ಪುಸ್ತಕ ತಕ್ಕಬನ್ನಿ. ನನ್ ಬಗ್ಗೆ ಏನ್ ಬರ್ದಿದ್ದೀರೋ ಓದಿ ಹೇಳಿ" ಎಂದಳು. ನನ್ನ ಬಳಿಯಿದ್ದ ಪ್ರತಿಯನ್ನು ತಂದು ತೆರೆದೆ. ಅವಳ ಹೆಸರಿರಲಿಲ್ಲ, ಸಬ್ಜೆಕ್ಟ್ ಎಂದೂ ಒಂದು ಸಂಖ್ಯೆ ಎಂದೂ ಇತ್ತು.

"ಸಬ್ಜೆಕ್ಟು ಅಂದ್ರೆ ಪಾಠ ಅಲ್ವಾ ಮಿಸ್? ನಾನ್ಯಾವ ಪಾಠ?"

ಪುಟ ಮಗುಚಿದೆ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಹೊರಟರೆ ತೊದಲುತ್ತಿದ್ದೆ. ನನ್ನದೇ ಪ್ರಬಂಧ ನನ್ನದೇ ಭಾಷೆಯಲ್ಲಿ ನನಗೆ ಬರುತ್ತಿರಲಿಲ್ಲ. ಕೊನೆಗೆ ಒಂದು ಅಧ್ಯಾಯ ಸಿಕ್ಕಿತು. ಓಡುವ ಹುಡುಗಿ ಬೇಗ ಏದುಸಿರು ಬಿಟ್ಟರೆ, ಕಣ್ಣ ರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ, ಸೋಮಾರಿ ಎನ್ನಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕಾರಣ ತಿಳಿದು ಚಿಕಿತ್ಸೆ ಕೊಟ್ಟರೆ ಬಹುತೇಕ ಗುಣವಾಗುತ್ತದೆ ಎಂದು ಅದರಲ್ಲಿ ಬರೆದಿದ್ದೆ. ಹಲವು ಪುಸ್ತಕ ಓದಿ ನಾನೇ ಬರೆದದ್ದು. ಸವಿತ ಮತ್ತೊಮ್ಮೆ ಓದಿಸಿದಳು.

"ಇದೊಂದು ಹಾಳೆ ಅವತ್ತು ನಮ್ಮೂರಿಗೆ ಬಂದಿದ್ರೆ ನಮ್ಮಜ್ಜಿ ಹಂಗಂತಿರಲಿಲ್ಲ" ಎಂದಳು. "ಇದನ್ನ ಕನ್ನಡದಲ್ಲಿ ಬರೀರಿ. ನಂಗೆ ಅರ್ಥ ಆಗೋ ಹಂಗೆ."

ಬರೆದೆ. ಅವಳು ಓದಿ, "ಸಹಿಷ್ಣುತೆ ಅಂದ್ರೇನು, ದೇವ್ರ ಹೆಸರಾ?" ಎಂದಳು. ಹೊಡೆದು ಹಾಕಿ ದಮ್ಮು ಎಂದು ಬರೆದೆ. ಹೀಗೆ ನಾಲ್ಕು ಸಲ ತಿದ್ದಿದ ಮೇಲೆ ಒಂದು ಪುಟ ನಿಂತಿತು. ಅದನ್ನು ಶಾಲೆಯ ಗೋಡೆಗೆ ಅಂಟಿಸಿದೆ. ಕುದೂರು, ಮಾಗಡಿ, ರಾಮನಗರದ ಕಡೆಯ ಆಟದ ಶಿಕ್ಷಕರಿಗೆ ಮೊಬೈಲಿನಲ್ಲಿ ಕಳಿಸಿದೆ. ಒಬ್ಬ ಮೇಷ್ಟ್ರು ಫೋನು ಮಾಡಿ, "ಇಂಥವು ಇನ್ನೂ ಇದ್ರೆ ಕಳಿಸಿ ಮೇಡಂ, ಇಂಗ್ಲಿಷಿಂದು ನಮಗೆ ತಲೆಗೆ ಹತ್ತಲ್ಲ" ಎಂದರು. ಇದ್ದವು, ಬೇಕಾದಷ್ಟು. ಬಿಸಿಲಿನಲ್ಲಿ ಓಡಿಸುವಾಗ ನೀರು ಎಷ್ಟು ಹೊತ್ತಿಗೊಮ್ಮೆ ಕೊಡಬೇಕು, ಮುಟ್ಟಿನ ದಿನಗಳಲ್ಲಿ ಆಡಬಹುದೇ, ಬೆಳೆಯುವ ಮಕ್ಕಳ ಮಂಡಿ ಏಕೆ ನೋಯುತ್ತದೆ — ಎಲ್ಲವನ್ನೂ ಯಾರೋ ಕಷ್ಟಪಟ್ಟು ಕಂಡುಕೊಂಡಿದ್ದಾರೆ. ಮೈದಾನಕ್ಕೆ ಮಾತ್ರ ತಲುಪಿಲ್ಲ. ತಿಂಗಳಿಗೆ ಒಂದು ಪುಟ ಬರೆಯುತ್ತೇನೆ. ಮೊದಲು ಓದುವವಳು ಸವಿತ. ಅವಳು ತಡವರಿಸಿದ ಕಡೆ ತಪ್ಪು ನನ್ನದು ಎಂದು ತಿದ್ದುತ್ತೇನೆ.

ನಮ್ಮ ಶಾಲೆಯಲ್ಲಿ ಈಗ ಯಾವ ಮಗುವಿನ ಮೈಯನ್ನು ಅಳೆದರೂ ಫಲಿತಾಂಶದ ಚೀಟಿ ಮೊದಲು ಆ ಮಗುವಿನ ಕೈಗೆ ಹೋಗುತ್ತದೆ. ಅದರ ಅರ್ಥವನ್ನು ಕೂತು ಹೇಳುತ್ತೇನೆ. ಹರ್ಷಿತಳದ್ದೂ ಸ್ವಲ್ಪ ಕಡಿಮೆಯೇ ಇತ್ತು. ಆರೋಗ್ಯ ಕೇಂದ್ರದ ಡಾಕ್ಟರು ಮಾತ್ರೆ ಕೊಟ್ಟರು. ಸವಿತಳಿಗೂ ಪರೀಕ್ಷೆ ಮಾಡಿಸಿ ಕೊಟ್ಟರು. ಕೆಲವು ತಿಂಗಳಾದ ಮೇಲೆ ಡಾಕ್ಟರು ಒಪ್ಪಿದರು, ಹುಡುಗಿ ಮೈದಾನಕ್ಕೆ ಇಳಿದಳು. ಮೊನ್ನೆಯ ಓಟದಲ್ಲಿ ಐದನೆಯವಳಾಗಿ ಬಂದು, ನಾಲ್ಕನೆಯವಳು ಗೆರೆ ದಾಟಿ ತನ್ನ ದಾರಿಗೆ ಅಡ್ಡ ಬಂದಳೆಂದು ನನ್ನ ಜೊತೆ ಅರ್ಧ ಗಂಟೆ ಜಗಳವಾಡಿದಳು.

ತಿದ್ದಿದ ಅಂಕಿಯ ವಿಷಯವನ್ನು ವಿಶ್ವವಿದ್ಯಾಲಯಕ್ಕೆ ಬರೆದು ತಿಳಿಸಿದ್ದೇನೆ. ಪದವಿ ಹೋಗಬಹುದು. ಹೋದರೆ ಅದು ಸರಿಯಾಗಿಯೇ ಹೋದಂತೆ. ಉತ್ತರ ಇನ್ನೂ ಬಂದಿಲ್ಲ.

ಬರುವ ಶನಿವಾರ ಕನಕಪುರದಲ್ಲಿ ಆಟದ ಶಿಕ್ಷಕರ ಸಭೆಯಿದೆ. ಈ ಪುಟಗಳ ಬಗ್ಗೆ ಮಾತಾಡಲು ಕರೆದಿದ್ದಾರೆ. ಮಾತನ್ನು ಈ ನನ್ನ ತಪ್ಪಿನಿಂದಲೇ ಶುರುಮಾಡಬೇಕೆಂದಿದ್ದೇನೆ. ನಿನ್ನ ಹೆಸರು ಹೇಳುವುದಿಲ್ಲ, ನಡೆದದ್ದನ್ನು ಮಾತ್ರ ಹೇಳಲೇ ಎಂದು ನಿನ್ನೆ ಸವಿತಳನ್ನು ಕೇಳಿದೆ.

"ಹೆಸ್ರು ಯಾಕ್ ಬುಡ್ತೀರಿ? ಹೇಳಿ. ನಾನೂ ಬತ್ತೀನಿ ಕನಕಪುರಕ್ಕೆ. ನೀವೇನಾದ್ರೂ ಮಧ್ಯದಲ್ಲಿ ಒಸಿ ಬುಟ್ಬುಟ್ರೆ, ಎದ್ ನಿಂತ್ಕಂಡು ನಾನೇ ಹೇಳ್ತೀನಿ."

ಬಿಡುವುದಿಲ್ಲ ಎಂದೆ. ಆದರೂ ಬಾ ಎಂದೆ.