ತಂಬಾಕಿನ ಕೈಯ ರೊಟ್ಟಿ

"ನನ್ನ ಕೈ ತಂಬಾಕ ನಾರತಾವಂತ! ಹೌದ, ನಾರತಾವು. ಮೂವತ್ತ ವರ್ಸ ಬೀಡಿ ಕಟ್ಟೀನಿ, ಮಲ್ಲಿಗಿ ವಾಸನಿ ಬರತೈತೇನು? ಇಷ್ಟ ವರ್ಸ ಈ ಕೈಲೆ ಬಡದ ರೊಟ್ಟಿನ ಕರ್ತನ ಭೋಜನಕ್ಕ ಮುರದೀರಿ. ಆಗ ನಮಗ ಚರ್ಚ್ ಎಲ್ಲಿತ್ತು? ನನ್ನ ಪಡಸಾಲೀನ ಚರ್ಚ್ ಆಗಿತ್ತು. ಯೇಸುಸ್ವಾಮಿನ ನಂಬಿದ ಮೊದಲಿನ ಮಂದೀನೂ ಹಿಂಗ ಮನಿಮನ್ಯಾಗ ಕೂಡಿ, ಇದ್ದದ್ದ ಹಂಚಿಕೊಂಡ ಉಣತಿದ್ರಂತ. ನಂಗ ಓದಾಕ ಬರೂದಿಲ್ಲ, ಓದಿ ಹೇಳಿದ್ದ ಕೇಳೇನಿ. ಅವರೊಳಗ ಮೀನ ಹಿಡಿಯಾವ್ರು ಇದ್ರಲಾ, ಅವರ ಕೈ ಏನ ಅತ್ತರ ನಾರತಿದ್ದುವು? ಅವರ ರೊಟ್ಟಿ ಯಾವ ಕಮಿಟಿ ಹೊರಗ ಇಟ್ಟಿತ್ತು, ಹೇಳ್ರಿ ನೋಡೋಣು!"

೧೯೮೮ರ ಒಂದು ಭಾನುವಾರ, ನಿಪ್ಪಾಣಿಯ ಹೊಸ ಚರ್ಚಿನ ಮೆಟ್ಟಿಲ ಮೇಲೆ ನಿಂತು ಶೇವಂತಾ ಹೀಗೆ ಕೂಗಿದಳು. ಒಳಗೆ ಹಾಡು ನಿಂತಿತು. ಯಾರೂ ಹೊರಗೆ ಬರಲಿಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರದಂತೆ ಅಂದೂ ಅವಳು, ಕರ್ತನ ಭೋಜನದ ಪ್ರಾರ್ಥನೆಯಲ್ಲಿ ಎಲ್ಲರೂ ಮುರಿದು ಹಂಚಿಕೊಳ್ಳಲೆಂದು, ಜೋಳದ ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಸುತ್ತಿಕೊಂಡು ಬಂದಿದ್ದಳು. ಬಾಗಿಲಲ್ಲೇ ಚರ್ಚ್ ಕಮಿಟಿಯ ಮುಖಂಡ ಅಪ್ಪಾಸಾಬ "ತಂಬಾಕ ನಾರತೈತಿ" ಎನ್ನುತ್ತ ಅದನ್ನು ಇಸಿದುಕೊಂಡು ಚಪ್ಪಲಿಗಳ ಪಕ್ಕದ ಕಟ್ಟೆಯ ಮೇಲಿಟ್ಟ. ಒಳಗೆ ಮೇಜಿನ ಮೇಲೆ ಕೊಲ್ಲಾಪುರದ ಬೇಕರಿಯ ಬಿಳಿ ಬ್ರೆಡ್ಡು ಚೌಕ ಚೌಕ ಕತ್ತರಿಸಿಕೊಂಡು ಕುಳಿತಿತ್ತು. ತಟ್ಟೆ ತನ್ನ ಮುಂದೆ ಬಂದಾಗ ಶೇವಂತಾ ಕೈ ಚಾಚಲಿಲ್ಲ. ಎದ್ದು ಹೊರಬಂದು ಮೆಟ್ಟಿಲ ಮೇಲೆ ನಿಂತದ್ದು ಆಗಲೇ.

ಅಪ್ಪಾಸಾಬನೇನು ಪರಕೀಯನಲ್ಲ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು, ಅವಳ ಪಡಸಾಲೆಯಲ್ಲೇ ಪ್ರಾರ್ಥನೆ ಕಲಿತವನು, ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತ ಅವಳ ಒಲೆಯ ಮುಂದೆಯೇ ಉಂಡು ಬೆಳೆದವನು. ಅದೇ ಅವಳ ಕರುಳು ಸುಟ್ಟದ್ದು.

ಸಂಜೆ ಅವನು ಮನೆಗೆ ಬಂದ. ಶೇವಂತಾ ಒಲೆಯ ಮುಂದಿದ್ದಳು.

"ಸಿಟ್ಟ ಆಗಬ್ಯಾಡ ಮಾವಶಿ. ಹೊರಗಿನಿಂದ ದೊಡ್ಡ ದೊಡ್ಡ ಮಂದಿ ಬರತಾರ. ಜರಾ ಸ್ವಚ್ಛ ಕಾಣಬೇಕಲಾ."

ಅವಳು ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ತಾಟನ್ನು ಅವನ ಮುಂದೆ ಸರಿಸಿದಳು. ಹಳೆಯ ರೂಢಿ, ಅವನ ಕೈ ತಾನಾಗಿ ತುತ್ತು ಮುರಿಯಿತು.

"ವಾಸನಿ ಬಂತೇನೋ?"

"ಮನ್ಯಾಗ ನಡೀತೈತಿ ಮಾವಶಿ. ಅಲ್ಲಿ ಮೇಜಿನ ಮ್ಯಾಲ ಅಂದ್ರ..."

"ನಿನ್ನ ಹೊಟ್ಟಿಗೆ ನಡೀತೈತಿ, ದೇವರ ಮೇಜಿಗೆ ನಡಿಯಂಗಿಲ್ಲ! ಮುಂದಿನ ತಿಂಗಳ ನನ್ನ ರೊಟ್ಟಿ ಇಡತೀಯೋ ಇಲ್ಲೋ? ಒಂದ ಮಾತ ಹೇಳು."

"ಕಮಿಟೀನ ಕೇಳಿ ಹೇಳತೀನಿ."

ಉಣ್ಣುವವನ ಮುಂದಿನ ತಾಟನ್ನು ಶೇವಂತಾ ಹುಟ್ಟಿದಾಗಿನಿಂದ ಎಳೆದವಳಲ್ಲ. ಅಂದು ಎಳೆದಳು.

"ಹಂಗಾರ ಇದನ್ನೂ ಕೇಳಿ ಬಾ. ಆಮ್ಯಾಲ ತಿನ್ನು."

ಕೈಯಲ್ಲಿದ್ದ ತುತ್ತನ್ನು ಎಲ್ಲಿಡಬೇಕೋ ತಿಳಿಯದೆ ಅವನು ಹಿಡಿದುಕೊಂಡೇ ಎದ್ದ. ಅವನು ಓಣಿಗಿಳಿದ ಮೇಲೆ, ಅಕ್ಕಪಕ್ಕದ ಬೀಡಿ ಕಟ್ಟುವ ಹೆಂಗಸರೆಲ್ಲ ಕೇಳುವಂತೆ ಅವಳು ಒಳಗಿನಿಂದಲೇ ಗದರಿದಳು:

"ಮುಂದಿನ ತಿಂಗಳ ನಮ್ಮ ರೊಟ್ಟಿ ನನ್ನ ಪಡಸಾಲ್ಯಾಗ ಮುರೀತೀವಿ! ನಿನ್ನ ಕಮಿಟಿಗೆ ಹೇಳು!"

ಹಂಚಿನ ಮೇಲಿದ್ದ ರೊಟ್ಟಿಯ ಅಂಚು ಕಪ್ಪಾಗಿತ್ತು. ಅವಳು ಅದನ್ನು ತಿರುವಿ ಹಾಕಿ, ಪರಾತದಲ್ಲಿ ಇನ್ನೊಂದು ಹಿಡಿ ಹಿಟ್ಟಿಗೆ ಬಿಸಿನೀರು ಹೊಯ್ದು, ನಾದಿ, ಬಡಿಯತೊಡಗಿದಳು.